ಹಳದಿ ಬಾವುಟದ ಕೆಳಗೆ

ದ್ಯಾಮವ್ವನ ಅವ್ವ ತೀರಿಕೊಂಡ ಸುದ್ದಿಯನ್ನು ಮಧುಕರ್ ಮತ್ತು ಅವನ ಹೆಂಡತಿ ಇಂದು ತಮ್ಮ ಮಗಳ ಹುಟ್ಟುಹಬ್ಬದ ಪಾರ್ಟಿ ಮುಗಿಯುವವರೆಗೆ ದ್ಯಾಮವ್ವನಿಗೆ ಹೇಳಲಿಲ್ಲ.

ಹುಬ್ಬಳ್ಳಿಯಿಂದ ಫೋನು ಬಂದದ್ದು ಮಂಗಳವಾರ. ಪಾರ್ಟಿ ಇದ್ದದ್ದು ಶನಿವಾರ. ಆ ಶನಿವಾರ ಅಮೆರಿಕದ ಯೂನಿಯನ್ ಸಿಟಿಯ ಅವರ ಮನೆಯ ಹಿತ್ತಲಲ್ಲಿ ಬಲೂನು ಕಟ್ಟಿದ್ದು, ಬಂದವರಿಗೆಲ್ಲ ಮಿರ್ಚಿ ಕರಿದದ್ದು, ಎಲ್ಲರೂ ಹೋದ ಮೇಲೆ ಹುಲ್ಲಿನ ಮೇಲೆ ಬಿದ್ದ ಕೇಕಿನ ಚೂರು ಆರಿಸಿದ್ದು ದ್ಯಾಮವ್ವ. ಮರುದಿನ ಬೆಳಿಗ್ಗೆ ಇಂದು ಡಿಶ್‌ವಾಷರಿಗೆ ತಟ್ಟೆ ಜೋಡಿಸುತ್ತ ವಿಷಯ ಹೇಳಿದಳು. ಅಷ್ಟರಲ್ಲಿ ಊರಲ್ಲಿ ಮಣ್ಣೂ ಆಗಿತ್ತು, ಮೂರನೆಯ ದಿನದ ಎಡೆಯೂ ಆಗಿತ್ತು.

"ಹೇಗೂ ನೀನು ಹೋಗೋಕೆ ಆಗ್ತಿರಲಿಲ್ಲ ಅಲ್ವಾ?" ಎಂದಳು ಇಂದು. "ಸುಮ್ನೆ ಯಾಕೆ ನಿಂಗೆ ಟೆನ್ಶನ್ ಅಂತ."

ಹೋಗುವುದಕ್ಕೆ ಆಗುತ್ತಿರಲಿಲ್ಲ ಎಂಬುದು ನಿಜ. ದ್ಯಾಮವ್ವನ ಪಾಸ್‌ಪೋರ್ಟು ಮಧುಕರನ ಆಫೀಸು ಕೋಣೆಯ ಬೀಗದೊಳಗಿತ್ತು. ಅವಳು ಈ ದೇಶಕ್ಕೆ ಬಂದಿಳಿದ ದಿನವೇ, ಏರ್‌ಪೋರ್ಟಿನ ಪಾರ್ಕಿಂಗಿನಲ್ಲೇ, ಕಳೆದುಹೋದರೆ ಕಷ್ಟ ಎಂದು ಅವನು ಅದನ್ನು ಕೈಯಿಂದ ತೆಗೆದುಕೊಂಡಿದ್ದ. ಹುಬ್ಬಳ್ಳಿಯ ಇಂದುವಿನ ತವರಿನಲ್ಲಿ ಕೆಲಸಕ್ಕಿದ್ದವಳನ್ನು ಅವರು ತವರಿನ ಕಡೆಯ ತಂಗಿ, ಅಮೆರಿಕ ನೋಡಲು ಬರುತ್ತಿದ್ದಾಳೆ ಎಂದು ವೀಸಾ ಅರ್ಜಿಯಲ್ಲಿ ಬರೆಸಿ ಕರೆಸಿಕೊಂಡಿದ್ದರು. ದ್ಯಾಮವ್ವ ಎಂಬ ಹೆಸರು ಗೆಳೆಯರ ಮುಂದೆ ಒಂಥರಾ ಆಗುತ್ತದೆ ಎಂದು ದಿಯಾ ಎಂದು ಕರೆದರು.

ಮಧುಕರ್ ಬಿರುಸು ಮಾತಿನವನಲ್ಲ. ಕನ್ನಡ ಕೂಟದ ವೇದಿಕೆಯಲ್ಲಿ ಸಮಾನತೆಯ ಬಗ್ಗೆ ಚೆನ್ನಾಗಿ ಮಾತಾಡುವವನು. ನೀನು ನಮ್ಮನೆ ಹುಡುಗಿ ಎಂದು ಅವನು ನಗುತ್ತಲೇ ಹೇಳುತ್ತಿದ್ದ. ಮನೆ ಹುಡುಗಿಗೆ ರಜೆ ಇರುವುದಿಲ್ಲ. ಒಬ್ಬಳೇ ಹೊರಗೆ ಹೋದರೆ ಯೂನಿಫಾರ್ಮಿನವರು ಪ್ರಶ್ನೆ ಕೇಳುತ್ತಾರೆ, ಉತ್ತರ ತಪ್ಪಿದರೆ ಒಳಗೆ ಹಾಕುತ್ತಾರೆ ಎಂದೂ ಅವನು ನಗುತ್ತಲೇ ಹೇಳಿದ್ದ. ಅಂದಿನಿಂದ ದ್ಯಾಮವ್ವ ಟಪಾಲು ಹಾಕಲು ಬರುವವನನ್ನು ಕಂಡರೂ ಪರದೆಯ ಹಿಂದೆ ಸರಿಯುತ್ತಿದ್ದಳು.

ವಿಸಿಟರ್ ಎಂದು ಬಂದವಳ ಅವಧಿ ಒಮ್ಮೆ ಬೆಳೆಸಿ ಆಗಿತ್ತು. ಈಗ ಅದೂ ಮುಗಿಯುತ್ತ ಬಂದಿತ್ತು. ಬೇ ಏರಿಯಾದ ಕನ್ನಡ ಮನೆಗಳಲ್ಲಿ ಕಾನೂನು ಕಲಿಯುವುದು ವಕೀಲರಿಂದಲ್ಲ, ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಪಾಟ್‌ಲಕ್ಕುಗಳಲ್ಲಿ. ಅದೇ ಹುಟ್ಟುಹಬ್ಬದ ಪಾರ್ಟಿಯಲ್ಲಿ ಯೋಗಾನಂದ ಎಂಬ ಗೆಳೆಯ ಮಿರ್ಚಿ ಕಚ್ಚುತ್ತ ದಾರಿ ಹೇಳಿಕೊಟ್ಟ. ಒಮ್ಮೆ ದೇಶದ ಹೊರಗೆ ಕಾಲಿಟ್ಟು ಬಂದರಾಯಿತು, ಮತ್ತೆ ಆರು ತಿಂಗಳು ಕೊಡುತ್ತಾರೆ, ತನ್ನ ಅತ್ತೆಗೆ ಹಾಗೇ ಮಾಡಿಸಿದೆ. ಆದರೆ ದೊಡ್ಡ ಏರ್‌ಪೋರ್ಟಿನಲ್ಲಿ ಪ್ರಶ್ನೆ ಜಾಸ್ತಿ. ಕೆರಿಬಿಯನ್ನಿನಲ್ಲಿ ಅಮೆರಿಕದ್ದೇ ದ್ವೀಪವೊಂದರಿಂದ ಸ್ವಂತಕ್ಕೆ ಹಾಯಿದೋಣಿ ಬಾಡಿಗೆ ಹಿಡಿ, ಪಕ್ಕದ ಬೇರೆ ದೇಶದ ಪುಟ್ಟ ದ್ವೀಪ ಮುಟ್ಟಿ ಬಾ, ದೋಣಿ ಕಟ್ಟುವ ಆ ಸಣ್ಣ ಡಾಕಿನಲ್ಲಿ ಯಾರು ಏನು ಕೇಳುತ್ತಾರೆ?

ಈ ಮಾತು ನಡೆಯುವಾಗ ದ್ಯಾಮವ್ವ ಅವರ ತಟ್ಟೆಗೆ ಚಟ್ನಿ ಹಾಕುತ್ತಿದ್ದಳು.

*

ಮಧುಕರ್ ಮೊದಲು ದೋಣಿ ನಡೆಸುವುದನ್ನು ತಾನೂ ಒಂದಿಷ್ಟು ಕಲಿಯಬೇಕೆಂದು ಹೊರಟ. ಹಾಗಾಗಿ ಮುಂದಿನ ಶನಿವಾರ ಎಲ್ಲರೂ ಓಕ್ಲ್ಯಾಂಡಿಗೆ ಬಂದರು. ಆಚೆ ಬಂದರಿನ ಕ್ರೇನುಗಳು ಕುತ್ತಿಗೆ ಎತ್ತಿ ನಿಂತಿದ್ದವು. ಈಚೆ ಸಾಲು ಸಾಲು ಹಾಯಿದೋಣಿಗಳು. ಡಾಕಿನ ಕೊನೆಯಲ್ಲಿ ಕಪ್ಪುನೀಲಿ ಜಾಕೀಟು ತೊಟ್ಟ ಒಬ್ಬ ನಿಂತಿದ್ದ. ಎದೆಯ ಮೇಲೆ ಹೊಳೆಯುವ ಬ್ಯಾಡ್ಜು. ಸೊಂಟದಲ್ಲಿ ವಾಕಿಟಾಕಿ.

ಪೊಲೀಸ್ ಎಂದುಕೊಂಡಳು ದ್ಯಾಮವ್ವ. ಅವಳು ಹಿಂದೆ ಹಿಂದೆ ಸರಿದು, ಹೆಂಗಸರ ರೆಸ್ಟ್‌ರೂಮ್ ಹೊಕ್ಕು ಚಿಲಕ ಹಾಕಿಕೊಂಡಳು. ಇಂದು ಎರಡು ಸಲ ಕೂಗಿ, ಬೇಸರಪಟ್ಟು, ಮಗಳು ಸಾನ್ವಿಯನ್ನು ಎತ್ತಿಕೊಂಡು ದೋಣಿಯ ಕಡೆ ಹೋದಳು. ಒಳಗೆ ಗೋಡೆಗೆ ಆತು ನಿಂತ ದ್ಯಾಮವ್ವನ ಬಾಯಿಂದ ಯವ್ವಾ, ನಮ್ಮವ್ವಾ, ಕಾಯಿ ತಾಯಿ ಎಂಬುದೊಂದೇ ಹೊರಡುತ್ತಿತ್ತು.

ಹೊರಗೆ ಯಾರೋ ಮೆಲ್ಲಗೆ ಕೆಮ್ಮಿದರು.

"ಒಳಗಿರೋರು ಗದಗಿನ ಕಡೆಯವರೋ, ಬಾಗಲಕೋಟಿ ಕಡೆಯವರೋ?"

ದ್ಯಾಮವ್ವ ಚಿಲಕದ ಮೇಲೆ ಕೈಯಿಟ್ಟಳು. ಒಳಗಿನಿಂದಲೇ ಕೇಳಿದಳು. "ಇಲ್ಲಿ ಪೊಲೀಸ್ರೂ ಕನ್ನಡ ಮಾತಾಡ್ತಾರೇನ್ರಿ?"

"ಇಲ್ರಿ. ದೋಣಿ ನಡಸವ್ರು ಅಷ್ಟ ಮಾತಾಡ್ತಾರ. ಅದೂ ನಾ ಒಬ್ಬನ."

ಬಾಗಿಲು ಬೆರಳಷ್ಟು ತೆರೆಯಿತು. ಸಂದಿಯಲ್ಲಿ ಒಂದು ಕಣ್ಣು, ಅರ್ಧ ಹಣೆ, ಕೆನ್ನೆಗೆ ಅಂಟಿದ ಕೂದಲ ಎಳೆ. ಹೊರಗೆ ನಿಂತಿದ್ದ ಆ ಜಾಕೀಟಿನವನು ತಟ್ಟನೆ ನೆಲ ನೋಡಿದ. ಎದೆಯ ಮೇಲಿದ್ದ ದೋಣಿ ಶಾಲೆಯ ಬ್ಯಾಡ್ಜನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. ಹಾಕಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, ಅವಳು ಬರುವ ದಾರಿ ಬಿಟ್ಟು ನಿಂತ.

ಅವನ ಹೆಸರು ಇಜಾಜ್. ಓಕ್ಲ್ಯಾಂಡಿನಲ್ಲಿ ಹಾಯಿದೋಣಿ ಕಲಿಸುವವನು, ಚಳಿಗಾಲದಲ್ಲಿ ಕೆರಿಬಿಯನ್ನಿಗೆ ಹೋಗಿ ಬಾಡಿಗೆ ದೋಣಿಗಳ ಕ್ಯಾಪ್ಟನ್ ಆಗುವವನು. ಮಧುಕರನಿಗೆ ಕನ್ನಡದ ಕ್ಯಾಪ್ಟನ್ ಸಿಕ್ಕಿದ್ದೇ ಖುಷಿ. ಪ್ರವಾಸಕ್ಕೂ ಅವನನ್ನೇ ಗೊತ್ತು ಮಾಡಿದ.

*

ಆಮೇಲಿನ ಶನಿವಾರಗಳಲ್ಲಿ ಮಧುಕರ್ ಡಾಕಿನ ಮೇಲೆ ಕೂತು ಹಗ್ಗಕ್ಕೆ ಗಂಟು ಹಾಕುವುದನ್ನು ಕಲಿಯುತ್ತಿದ್ದ. ದ್ಯಾಮವ್ವ ಬೆಂಚಿನ ಮೇಲೆ ಸಾನ್ವಿಯ ಊಟದ ಚೀಲ ಹಿಡಿದು ಕೂತಿರುತ್ತಿದ್ದಳು. ಇಜಾಜ್ ಒಂದು ಕಪ್ ಚಹಾ ತಂದು ಬೆಂಚಿನ ಆ ತುದಿಗೆ ಇಟ್ಟು ಹೋಗುತ್ತಿದ್ದ. ಕೈಗೆ ಕೊಡುತ್ತಿರಲಿಲ್ಲ. ಕೊಟ್ಟರೆ ಇಂದು ನೋಡುತ್ತಾಳೆಂದು ಅವನಿಗೆ ಯಾರು ಹೇಳಿದರೋ.

ಅವಳು ಅವನನ್ನು ಊರಿನ ರೂಢಿಯಂತೆ ಸಾಹೇಬ್ರ ಎಂದಳು. ತನ್ನ ಅಮ್ಮಿ ಖಾಲಿದಾ ಇದನ್ನು ಕೇಳಿದರೆ ಬಿದ್ದು ಬಿದ್ದು ನಗುತ್ತಾಳೆ, ಮನೆಯಲ್ಲಿ ತನ್ನ ಮಾತಿಗೆ ಅಷ್ಟು ಬೆಲೆಯಿಲ್ಲ ಎಂದ ಅವನು. ಬಾಗಲಕೋಟೆಯ ಹಳೇ ಊರಿನಲ್ಲಿ ಅವರ ಮನೆಯಿತ್ತಂತೆ. ಆಣೆಕಟ್ಟಿನ ಹಿನ್ನೀರು ಬಂದಾಗ ಓಣಿಯೇ ಮುಳುಗಿತು. ಅಪ್ಪ ಓಕ್ಲ್ಯಾಂಡಿನ ಕಂಟೇನರ್ ಯಾರ್ಡಿನಲ್ಲಿ ಕೆಲಸ ಹಿಡಿದ. ಮನೆ ನೀರಿನ ಕೆಳಗೆ ಹೋಯಿತಲ್ಲ, ನಾನು ನೀರಿನ ಮೇಲೆ ಬಂದೆ ಎಂದು ಅವನು ನಗುತ್ತ ಹೇಳಿದ. ನಕ್ಕಾಗ ಅವನ ಕಣ್ಣಂಚಿನಲ್ಲಿ ಬಿಸಿಲಿಗೆ ಬಿದ್ದ ಸಣ್ಣ ಗೆರೆಗಳು ಕೂಡಿಕೊಳ್ಳುತ್ತಿದ್ದವು. ದ್ಯಾಮವ್ವ ಆ ಗೆರೆಗಳನ್ನು ನೋಡಿ, ನೋಡಿದ್ದಕ್ಕೆ ಅಂಜಿ, ಚೀಲದ ಜಿಪ್ಪು ಎಳೆಯುತ್ತಿದ್ದಳು.

"ದಿಯಾ ಅಂತ ಕರದ್ರ ಒಂದ ಸಲಕ್ಕ ಹೊಳ್ಳಿ ನೋಡಂಗಿಲ್ಲ ನೀವು," ಎಂದ ಒಮ್ಮೆ. "ಅದು ನಿಮ್ಮ ಹೆಸರಲ್ಲ. ಖರೇ ಹೆಸರ ಏನು?"

ಅವಳು ಹೇಳಲಿಲ್ಲ. ಪ್ರತಿ ಶನಿವಾರ ಅವನು ಒಂದೊಂದು ಹೆಸರು ಹಿಡಿದು ಬರುತ್ತಿದ್ದ. ನೀಲವ್ವ? ಗಂಗವ್ವ? ಅವಳು ತಲೆಯಾಡಿಸುತ್ತಿದ್ದಳು, ತುಟಿಯ ಒಂದು ತುದಿ ಮಾತ್ರ ಮೇಲೇಳುತ್ತಿತ್ತು. ಆ ತುದಿಯನ್ನು ನೋಡುವುದಕ್ಕೇ ಅವನು ತಪ್ಪು ಹೆಸರು ಹೇಳುತ್ತಿದ್ದಾನೆಂದು ಅವಳಿಗೆ ತಿಳಿಯಲು ತಡವಾಗಲಿಲ್ಲ.

ಅವ್ವನ ವಿಷಯ ಅವಳು ಹೇಳಿದ್ದು ಗಾಳಿ ಜೋರಿದ್ದ ಒಂದು ದಿನ. ಅವನು ಟೊಪ್ಪಿಗೆ ತೆಗೆದು ಮಂಡಿಯ ಮೇಲಿಟ್ಟುಕೊಂಡ. ತನ್ನ ಅಮ್ಮಿ ಕಲಿಸಿದ ಪ್ರಾರ್ಥನೆಯೊಂದನ್ನು ಬಾಯೊಳಗೇ ಹೇಳಿದ. ಆಮೇಲೆ ನಿಮ್ಮ ಕಡೆ ಏನು ಮಾಡುತ್ತಾರೆಂದು ಕೇಳಿದ. ಎಡೆ ಇಡುತ್ತಾರೆ, ಕಾಗೆ ಮುಟ್ಟಬೇಕು, ತನಗೆ ಅದನ್ನೂ ಮಾಡಲಾಗಲಿಲ್ಲ ಎಂದಳು. ಅವನು ಸಾನ್ವಿಯ ಡಬ್ಬಿಯಲ್ಲಿ ಉಳಿದಿದ್ದ ಚಪಾತಿಯ ತುಂಡನ್ನು ಕೇಳಿ ಪಡೆದು, ಡಾಕಿನ ಅಂಚಿನಲ್ಲಿ ಇಟ್ಟು, ದೂರ ಬಂದು ಕೂತ. ಕಾಗೆ ಬರಲಿಲ್ಲ. ದೊಡ್ಡ ಬಿಳಿ ಕಡಲಹಕ್ಕಿ, ಸೀಗಲ್ಲೊಂದು ಇಳಿದು, ಅತ್ತಿತ್ತ ನೋಡಿ, ಎತ್ತಿಕೊಂಡು ಹೋಯಿತು.

"ಇಲ್ಲಿ ಕಾಗಿ ಕೆಲಸಾನೂ ಇವ ಮಾಡ್ತಾವು," ಎಂದ ಇಜಾಜ್.

ದ್ಯಾಮವ್ವ ಅತ್ತಳು. ಸುದ್ದಿ ಕೇಳಿದ ಮೇಲೆ ಅದೇ ಮೊದಲು. ಮಧುಕರ್ ಆಚೆಯಿಂದ, ಕ್ಯಾಪ್ಟನ್, ಈ ಗಂಟು ಬಿಚ್ಚೋದು ಹೇಗೆ ಎಂದು ಕೂಗಿದ.

*

ಹೊರಡುವ ವಾರ ಪೂರ್ತಿ ಇಂದು ದ್ಯಾಮವ್ವನಿಂದ, ವಾಪಸ್ ಬರುವಾಗ ಆಫೀಸರಿಗೆ ಹೇಳಬೇಕಾದ ಪಾಠ ಹೇಳಿಸಿದಳು. ತರಕಾರಿ ಹೆಚ್ಚುವಾಗ, ಬಟ್ಟೆ ಮಡಿಸುವಾಗ. ಅವರು ಯಾರು? ನನ್ನ ಕಸಿನ್ ಅಕ್ಕ, ಭಾವ. ಯಾಕೆ ಬಂದೆ? ಟೂರಿಗೆ. ಅವರ ಮನೆಯಲ್ಲಿ ಏನು ಮಾಡುತ್ತೀಯ? ಏನೂ ಇಲ್ಲ, ಟಿವಿ ನೋಡುತ್ತೇನೆ. ಈ ಕೊನೆಯ ಉತ್ತರ ಹೇಳುವಾಗ ದ್ಯಾಮವ್ವನ ಕೈಯಲ್ಲಿ ಪ್ರತಿಸಲವೂ ಏನಾದರೊಂದು ಕೆಲಸವಿರುತ್ತಿತ್ತು. ಒಂದು ಮಾತು ತಪ್ಪಿದರೂ ನಮಗೇನಾಗಲ್ಲ, ನಿನ್ನನ್ನ ಜೈಲಿಗೆ ಹಾಕುತ್ತಾರೆ ಎಂದು ಇಂದು ಕನಿಕರದಿಂದಲೇ ಹೇಳಿದಳು. ಆ ಕನಿಕರ ಸುಳ್ಳಾಗಿರಲಿಲ್ಲ. ಅದೇ ಹೆಚ್ಚು ಹೆದರಿಸುತ್ತಿತ್ತು.

ವಿಮಾನಗಳು ಬದಲಾದವು. ಎಲ್ಲ ಕಡೆ ಮಧುಕರ್ ಅವಳ ಪಾಸ್‌ಪೋರ್ಟನ್ನು ತಾನೇ ತೋರಿಸಿ ತಾನೇ ಜೇಬಿಗೆ ಹಾಕಿಕೊಂಡ. ಕೊನೆಗೆ ಕೆರಿಬಿಯನ್ನಿನಲ್ಲಿ, ಅಮೆರಿಕದ್ದೇ ದ್ವೀಪದ, ಬೆಚ್ಚನೆಯ ಗಾಳಿಯ ಒಂದು ಬಂದರು. ಅಲ್ಲಿ ಬಿಳಿಯ ಹಾಯಿದೋಣಿ, ಒಳಗೆ ಮಂಚ, ಒಲೆ, ಸಣ್ಣ ಫ್ರಿಜ್ಜು. ಮುಂದೆಯೇ ಬಂದಿದ್ದ ಇಜಾಜ್ ಬರಿಗಾಲಲ್ಲಿ ನಿಂತು ಎಲ್ಲರಿಗೂ ಕೈ ಕೊಟ್ಟು ಹತ್ತಿಸಿಕೊಂಡ. ದ್ಯಾಮವ್ವನ ಸರದಿ ಬಂದಾಗ ಅವಳು ಬೆರಳ ತುದಿಯನ್ನಷ್ಟೇ ಚಾಚಿದಳು. ಅವನು ಒಂದು ಕ್ಷಣ ಹೆಚ್ಚು ಹಿಡಿದ. ಅಷ್ಟೇ.

ಹಾಯಿ ಏರಿ ದೋಣಿ ಒಂದು ಪಕ್ಕಕ್ಕೆ ವಾಲಿದಾಗ ಇಂದು ಹೊಟ್ಟೆ ತೊಳೆಸಿ ಕ್ಯಾಬಿನ್ನು ಸೇರಿದಳು. ಮಧುಕರ್ ಸಾನ್ವಿಯನ್ನು ಎತ್ತಿಕೊಂಡು ವಿಡಿಯೋ ಮಾಡುತ್ತ ಮುಂದಿನ ತುದಿಗೆ ಹೋದ. ದ್ಯಾಮವ್ವ ಕಂಬಿಯನ್ನು ತಬ್ಬಿ ಕಣ್ಣು ಮುಚ್ಚಿದ್ದಳು. ಕೆಳಗೆ ನೀರು ಯಾರೋ ಗೋಧಿ ಕೇರುತ್ತಿರುವಂತೆ ಸದ್ದು ಮಾಡುತ್ತಿತ್ತು.

"ಕಣ್ಣು ಮುಚ್ಚಿದ್ರ ಜಾಸ್ತಿ ಅಂಜಿಕಿ ಬರತೈತಿ," ಎಂದ ಇಜಾಜ್. "ಬರ್ರಿ, ಇದನ್ನ ಹಿಡೀರಿ."

ಅವಳು ಚುಕ್ಕಾಣಿಯ ಚಕ್ರ ಹಿಡಿದಳು. ಅವನು ಹಿಂದೆ ನಿಂತ, ಮುಟ್ಟದೆ. ಅವನ ಉಸಿರಿನ ಬಿಸಿ ಮಾತ್ರ ಅವಳ ಕಿವಿಯ ಹತ್ತಿರ ಬಂದು ಗಾಳಿಗೆ ಚದುರಿ ಹೋಗುತ್ತಿತ್ತು. ದೋಣಿ ಎಳೆದ ಕಡೆ ಬಿಡಬೇಡಿ, ಹಟವನ್ನೂ ಮಾಡಬೇಡಿ, ಎತ್ತಿಗೆ ಹಗ್ಗ ಹಿಡಿದಂತೆ ಎಂದ. ದ್ಯಾಮವ್ವನಿಗೆ ಎತ್ತು ಗೊತ್ತಿತ್ತು. ಚಕ್ರ ಅವಳ ಅಂಗೈಯಲ್ಲಿ ಜೀವವಿದ್ದಂತೆ ಮಿಸುಕಿತು. ಹೆದರಿಕೆ ಹೋಗಲಿಲ್ಲ. ಆದರೆ ಹೆದರಿಕೆಯ ಜತೆ ಇನ್ನೊಂದು ಏನೋ ಬಂದು ಪಕ್ಕಕ್ಕೆ ಕೂತಿತು.

*

ಆ ಪುಟ್ಟ ದ್ವೀಪದ ಕೊಲ್ಲಿಯಲ್ಲಿ ಲಂಗರು ಬಿಟ್ಟ ಮೇಲೆ ಇಜಾಜ್ ಒಂದು ಹಳದಿ ಬಾವುಟ ಏರಿಸಿದ. ಬೇರೆ ದೇಶದ ನೀರಿಗೆ ಬಂದ ದೋಣಿ ಮೊದಲು ಇದನ್ನು ಏರಿಸಬೇಕು, ಇದು ಹಾರುತ್ತಿರುವವರೆಗೆ ಕ್ಯಾಪ್ಟನ್ ಬಿಟ್ಟು ಇನ್ಯಾರೂ ದಡಕ್ಕೆ ಕಾಲಿಡುವಂತಿಲ್ಲ, ಎಲ್ಲರ ಪಾಸ್‌ಪೋರ್ಟೂ ಕ್ಯಾಪ್ಟನ್ ಕೈಗೆ ಬರಬೇಕು ಎಂದು ವಿವರಿಸಿದ. ಸಮುದ್ರದ ನಿಯಮ ಅದು. ಮಧುಕರ್ ನಾಲ್ಕನ್ನೂ ಕೊಟ್ಟ. ಕೊಡುವಾಗ ಒಂದನ್ನು ಮಾತ್ರ ಸ್ವಲ್ಪ ಹೊತ್ತು ಬಿಡಲಿಲ್ಲ.

ಇಜಾಜ್ ಒಂದೊಂದನ್ನೇ ತೆರೆದು ನೋಡಿದ. ನಾಲ್ಕನೆಯದರಲ್ಲಿ ನಿಂತ. ಫೋಟೋ ನೋಡಿ, ಅವಳನ್ನು ನೋಡಿ, ಮತ್ತೆ ಓದಿದ. ಪೂರ್ತಿ ಮುಖವನ್ನು ಮೊದಲ ಸಲ ನೋಡಿದವನ ಹಾಗೆ.

"ದ್ಯಾಮವ್ವ," ಎಂದ.

ಒಂದು ವರ್ಷದಿಂದ ಯಾರೂ ಆ ಹೆಸರನ್ನು ಗಟ್ಟಿಯಾಗಿ ಹೇಳಿರಲಿಲ್ಲ. ಅವಳ ಕುತ್ತಿಗೆಯಿಂದ ಕೆನ್ನೆಯವರೆಗೆ ಬಿಸಿ ಏರಿತು. ದಿಯಾ ಅಂತ ಕರೆದರೆ ಸಾಕು ಎಂದು ಇಂದು ಒಳಗಿನಿಂದಲೇ ಹೇಳಿದಳು. ಇಜಾಜ್ ಪಾಸ್‌ಪೋರ್ಟುಗಳನ್ನು ಚೀಲಕ್ಕೆ ಹಾಕಿಕೊಂಡ. ಸಣ್ಣ ದೋಣಿಗೆ ಇಳಿದು ದಡಕ್ಕೆ ಹೋದ. ಅವನು ಬರುವ ತನಕ ದ್ಯಾಮವ್ವ ಹಳದಿ ಬಟ್ಟೆಯನ್ನೇ ನೋಡುತ್ತ ಕೂತಳು. ಈಗ ಯೂನಿಫಾರ್ಮಿನವರು ಬರುತ್ತಾರೆ, ಈಗ ಬಂದರು ಎಂದು ಅನಿಸುತ್ತಿತ್ತು. ಬರಲಿಲ್ಲ. ಇಲ್ಲಿ ಎಲ್ಲ ಸಲೀಸಾಗಿ ಮುಗಿಯಿತು. ಕಷ್ಟವಿರುವುದು ಇಲ್ಲಲ್ಲ, ನಾಳೆ ವಾಪಸ್ ಹೋಗುವಾಗ, ಅಮೆರಿಕದ ಇಮಿಗ್ರೇಷನ್ ಕೌಂಟರಿನಲ್ಲಿ ಎಂದು ಅವಳಿಗೆ ಗೊತ್ತಿತ್ತು.

ದ್ವೀಪ ಚೆಂದವಿತ್ತು. ಬಿಳಿ ಮರಳು, ಬಾಗಿದ ತೆಂಗು, ಬಣ್ಣ ಹಚ್ಚಿದ ಐದಾರು ಮರದ ಮನೆಗಳು, ನೀರು ನವಿಲಿನ ಕತ್ತಿನ ಹಾಗೆ. ಮಧುಕರ್, ಇಂದು ಇಬ್ಬರೂ ತಂಪು ಜ್ಯೂಸು ಹಿಡಿದು ಛತ್ರಿಯ ಕೆಳಗೆ ಮಲಗಿದರು. ಸಾನ್ವಿ ಅವರ ಪಕ್ಕದಲ್ಲೇ ನಿದ್ದೆ ಹೋದಳು. ಐಸು, ಕುಡಿಯುವ ನೀರು ತರುವುದಿದೆ, ಕ್ಯಾಪ್ಟನ್ ಜತೆ ಹೋಗಿ ಹೊತ್ತು ತಾ ಎಂದು ಇಂದು ದ್ಯಾಮವ್ವನನ್ನು ಕಳಿಸಿದಳು. ಓಡಿಹೋಗುವುದಕ್ಕೆ ಇಲ್ಲಿ ಎಲ್ಲಿದೆ ಜಾಗ ಎಂದು ಗಂಡನಿಗೆ ಇಂಗ್ಲಿಷಿನಲ್ಲಿ ಹೇಳಿ ನಕ್ಕದ್ದು ದ್ಯಾಮವ್ವನಿಗೆ ಅರ್ಥವಾಯಿತು. ಒಂದು ವರ್ಷದಲ್ಲಿ ಅಷ್ಟು ಇಂಗ್ಲಿಷು ಅವಳಿಗೆ ಬಂದಿತ್ತು.

ಅಂಗಡಿಯ ಮುಂದಿನ ಮರದ ಮೆಟ್ಟಿಲ ಮೇಲೆ, ಐಸಿನ ಚೀಲ ಕಾಲ ಬಳಿ ಇಟ್ಟುಕೊಂಡು ಅವರು ಕೂತರು. ಇಜಾಜ್ ದಾರಿಯಲ್ಲಿ ಬಿದ್ದಿದ್ದ ಕೆಂಪು ಹೂವೊಂದನ್ನು ಎತ್ತಿ ತಿರುಗಿಸುತ್ತಿದ್ದ. ಕೊಡಬೇಕೋ ಬೇಡವೋ ಎಂಬಂತೆ. ದ್ಯಾಮವ್ವ ಹೂವನ್ನು ನೋಡಲಿಲ್ಲ. ಅವಳ ತುಟಿ ಪಟಪಟ ಆಡುತ್ತಿತ್ತು.

ಏನದು ಎಂದು ಅವನು ಕೇಳಿದ. ಅವಳು ಪಾಠ ಒಪ್ಪಿಸಿದಳು. ಕಸಿನ್ ಅಕ್ಕ, ಭಾವ, ಟೂರು, ಟಿವಿ. ಒಂದೂ ತಪ್ಪಲಿಲ್ಲ. ಮತ್ತೆ ಆರು ತಿಂಗಳು ಸಿಗುವ ಲೆಕ್ಕವನ್ನೂ ಹೇಳಿದಳು.

ಇಜಾಜನ ಕೈಯಲ್ಲಿ ಹೂವು ನಿಂತಿತು. ಅವಳು ಕೆಲಸದವಳೆಂದು ಅವನಿಗೆ ಕಾಣುತ್ತಿತ್ತು. ಆದರೆ ಈ ಪ್ರವಾಸ ಯಾತಕ್ಕೆ ಎಂಬುದು ಈಗ ತಿಳಿಯಿತು. ಹೀಗೆ ಹೋಗಿ ಬಂದರೆ ಹೊಸದಾಗಿ ಆರು ತಿಂಗಳು ಸಿಕ್ಕೇ ಸಿಗುತ್ತದೆಂದು ಯಾರು ಹೇಳಿದರು ಇವರಿಗೆ, ಅದು ಆಫೀಸರರ ಕೈಯಲ್ಲಿರುವುದು ಎಂದ. ಯೋಗಾನಂದಣ್ಣಾರು ಎಂದಳು ಅವಳು, ಪಾಪ, ಪೂರ್ತಿ ಗಂಭೀರವಾಗಿ.

"ಸಿಕ್ಕರ ಮತ್ತ ಆರು ತಿಂಗಳ ಆ ಮನಿ," ಎಂದಳು. "ಸಿಗಲಿಲ್ಲಂದ್ರ ಜೇಲು. ಖರೇ ಹೇಳ್ರಿ ಸಾಹೇಬ್ರ. ನಾ ಖರೇ ಹೇಳಿದ್ರ ನನ್ನ ಹಿಡೀತಾರೇನು?"

ಅವನು ಬೇಗ ಉತ್ತರ ಕೊಡಲಿಲ್ಲ. ದ್ಯಾಮವ್ವ ಅವನನ್ನು ನಂಬಿದ್ದು ಆ ತಡದಿಂದ.

"ಗೊತ್ತಿಲ್ಲ. ಓಕ್ಲ್ಯಾಂಡಿನಾಗ ಇಂಥಾ ಕೇಸ್ ನಡಸೋ ವಕೀಲ್ರು ಅದಾರ. ನಾ ಫೋನ್ ಹಚ್ಚತೀನಿ. ಆದ್ರ ಆ ಕೌಂಟರಿನಾಗ ಏನಾಗತೈತಿ ಅನ್ನೂದು ನನಗ ಗೊತ್ತಿಲ್ಲ. ಗೊತ್ತೈತಿ ಅಂದ್ರ ನಾನೂ ಅವರಂಗ ಸುಳ್ಳು ಹೇಳಿದಂಗ ಆಗತೈತಿ."

ಬೇಕಾದರೆ ತಾನೇ ಆಫೀಸರಿಗೆ ಹೇಳುತ್ತೇನೆ ಎಂದ. ಬೇಡ ಎಂದಳು. ಅವನು ಹೇಳಿದರೆ ಅದು ಅವನ ಮಾತಾಗುತ್ತದೆ, ನಾಳೆ ಮಧುಕರಣ್ಣಾರು ಈ ಸಾಬರ ಹುಡುಗ ನಮ್ಮ ಹುಡುಗಿಯ ತಲೆ ಕೆಡಿಸಿದ ಎನ್ನುತ್ತಾರೆ, ಅವನ ಲೈಸೆನ್ಸಿಗೂ ಕುತ್ತು ತರುತ್ತಾರೆ. ಅವಳಿಗೆ ಆ ಮನೆಯ ಮಾತಿನ ದಾರಿ ಚೆನ್ನಾಗಿ ಗೊತ್ತಿತ್ತು.

ಆಗ ಅವನು ಇನ್ನೊಂದು ಮಾತು ಹೇಳಿದ. ಹೂವನ್ನು ನೋಡುತ್ತಲೇ ಹೇಳಿದ. ನಾವಿಬ್ಬರು ಮದುವೆಯಾದರೆ ನಿಮ್ಮನ್ನು ಕಳಿಸುವುದು ಕಷ್ಟವಾಗಬಹುದು. ಹೇಳಿ, ಕಿವಿಯವರೆಗೆ ಕೆಂಪಾದ.

"ಒಂದ ಸುಳ್ಳ ಬಿಟ್ಟು ಇನ್ನೊಂದ ಸುಳ್ಳಿನಾಗ ಬೀಳೂದೇನು?"

"ಸುಳ್ಳಲ್ಲ ಇದು, ದ್ಯಾಮವ್ವ." ಈಗ ಅವನು ನೇರವಾಗಿ ನೋಡಿದ. "ಮೊದಲನೇ ದಿನ ಬಾಗಿಲ ಸಂದ್ಯಾಗ ಅರ್ಧ ಮುಖ ನೋಡೀನಿ. ಉಳದರ್ಧಕ್ಕ ಎಷ್ಟ ಶನಿವಾರ ಕಾದೀನಿ, ನಿಮಗ ಗೊತ್ತಿಲ್ಲೇನು?"

ಗೊತ್ತಿತ್ತು. ಐಸು ಕರಗಿ ಮೆಟ್ಟಿಲ ಮೇಲೆ ಹರಿಯುತ್ತಿತ್ತು. ಅವಳ ಬೆರಳು ಅವನ ಅಂಗಿಯ ತೋಳಿನ ತುದಿಯನ್ನು ಹಿಡಿದುಕೊಂಡಿದ್ದವು. ಯಾವಾಗ ಹಿಡಿದಳೋ ಅವಳಿಗೇ ತಿಳಿಯದು.

"ಸುಳ್ಳಲ್ಲ ಅಂತ ನನಗೂ ಗೊತ್ತೈತಿ," ಎಂದಳು. "ಅದಕ್ಕ ಇವತ್ತ ಬ್ಯಾಡ. ಅಂಜಿದಾಕಿ ಹ್ಞೂಂ ಅಂದ್ರ ಅದು ಹ್ಞೂಂ ಅಲ್ಲ. ನಾ ಅಂಜದ ದಿನ ಕೇಳ್ರಿ."

"ನಿಮ್ಮನ್ನ ಊರಿಗೆ ಕಳಿಸಿಬಿಟ್ರ?"

"ಊರಿಗೆ ಬಂದು ಕೇಳ್ರಿ. ಆದ್ರ ನಮ್ಮೂರಾಗ ಸಮುದ್ರ ಇಲ್ಲ."

"ಕೆರಿ ಐತಿಲ್ಲ?"

"ಐತಿ. ಬ್ಯಾಸಿಗ್ಯಾಗ ಒಣಗತೈತಿ."

"ಒಣಗಿದ್ರ ನಡಕೋತ ಹೋಗೂಣು," ಎಂದ ಇಜಾಜ್.

ಅವಳು ನಕ್ಕಳು, ತುಟಿಯ ಎರಡೂ ತುದಿಯಲ್ಲಿ. ಅವನು ಹೂವನ್ನು ಕೊಟ್ಟ. ಅವಳು ಅದನ್ನು ಮುಡಿಯಲಿಲ್ಲ. ಮುಡಿದರೆ ಇಂದು ಕೇಳುತ್ತಾಳೆ. ಕೈಯೊಳಗೆ ಮುಚ್ಚಿಕೊಂಡು, ಐಸಿನ ಚೀಲ ಹೊತ್ತು, ಅವನಿಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು.

*

ಮರುದಿನ ಗಾಳಿ ಎದುರಾಗಿತ್ತು. ದೋಣಿ ಏರಿ ಏರಿ ಬೀಳುತ್ತ ಬಂತು. ಮಧುಕರ್ ದಾರಿಯುದ್ದಕ್ಕೂ ಪಾಠ ಕೇಳಿದ. ಅವನಿಗೂ ಒಳಗೆ ಅಳುಕಿತ್ತು, ಅದಕ್ಕೇ ದನಿ ಮತ್ತೂ ಮೆತ್ತಗಾಗಿತ್ತು. ದಿಯಾ, ನೀನು ನಮ್ಮನೆ ಹುಡುಗಿ ತಾನೆ, ನಾವು ನಿನ್ನ ಬೇರೆ ಥರ ನೋಡಿದೀವಾ ಎಂದ. ದ್ಯಾಮವ್ವ ಇಲ್ಲ ಎಂದಳು. ಟೂರು, ಟಿವಿ ಎಂದಳು. ಚುಕ್ಕಾಣಿಯ ಬಳಿ ನಿಂತ ಇಜಾಜ್ ಎಲ್ಲ ಕೇಳುತ್ತಿದ್ದ. ಅವಳು ಅವನತ್ತ ನೋಡಲಿಲ್ಲ. ಏನು ಹೇಳುತ್ತೇನೆಂದು ಅವಳಿಗೇ ಇನ್ನೂ ಗೊತ್ತಿರಲಿಲ್ಲ.

ಅಮೆರಿಕದ ಡಾಕಿನಲ್ಲಿ ಮತ್ತೆ ಹಳದಿ ಬಾವುಟ. ಇಲ್ಲಿ ಕ್ಯಾಪ್ಟನ್ ಒಬ್ಬನೇ ಹೋದರೆ ಸಾಲದು, ಎಲ್ಲರೂ ಕೌಂಟರಿನ ಮುಂದೆ ನಿಲ್ಲಬೇಕು. ಒ‌ಳಗೆ ಎಸಿಯ ಥಂಡಿ. ಗಾಜಿನ ಆಚೆ ಯೂನಿಫಾರ್ಮು ತೊಟ್ಟ ಒಬ್ಬ ನಡುವಯಸ್ಸಿನ ಹೆಂಗಸು. ಎದೆಯ ಮೇಲೆ ಬ್ಯಾಡ್ಜು, ಸೊಂಟದಲ್ಲಿ ಪಿಸ್ತೂಲು. ಮಧುಕರ್ ಎಲ್ಲ ಪಾಸ್‌ಪೋರ್ಟು ತನಗೆ ಕೊಡು ಎಂದು ಕೈ ಚಾಚಿದ. ಇಲ್ಲಿ ಅವರವರದು ಅವರವರ ಕೈಯಲ್ಲಿರಬೇಕು ಎಂದು ಇಜಾಜ್ ಒಂದೊಂದಾಗಿ ಹಂಚಿದ.

ಮಧುಕರ್, ಇಂದು, ಸಾನ್ವಿಯದು ಬೇಗ ಮುಗಿಯಿತು. ದ್ಯಾಮವ್ವನದನ್ನು ಆ ಹೆಂಗಸು ನಿಧಾನ ತಿರುವಿದಳು. ಇವರು ನಿಮಗೆ ಏನಾಗಬೇಕು ಎಂದು ಕೇಳಿದಳು. ಮಧುಕರ್ ತಾನೇ ಮುಂದೆ ಬಾಗಿ, ಕಸಿನ್, ಅವಳಿಗೆ ಇಂಗ್ಲಿಷು ಬರುವುದಿಲ್ಲ ಎಂದ. ನಾನು ಕೇಳಿದ್ದು ಅವರನ್ನು ಎಂದಳು ಆಫೀಸರು. ಇವರ ಭಾಷೆ ಬರುವ, ಇವರ ಕುಟುಂಬದವನಲ್ಲದ ಯಾರಾದರೂ ಇದ್ದಾರೆಯೇ? ಇಜಾಜ್ ತನಗೆ ಬರುತ್ತದೆ ಎಂದ. ಅವಳು ಹೇಳಿದ್ದನ್ನಷ್ಟೇ ಹೇಳಬೇಕು ಎಂದು ಆಫೀಸರು ಎಚ್ಚರಿಸಿದಳು.

ಸಾನ್ವಿ ದ್ಯಾಮವ್ವನ ಕೈ ಜಗ್ಗಿದಳು.

"ವೈ ಆರ್ ಯು ಶೇಕಿಂಗ್, ದಿಯಾ ಅಕ್ಕ?"

"ಹೇಳಮ್ಮ ದಿಯಾ," ಎಂದ ಮಧುಕರ್, ಮುಖದ ತುಂಬ ನಗು. "ಪ್ರಾಕ್ಟೀಸ್ ಮಾಡಿದ್ದನ್ನೇ ಹೇಳು."

ಅವಳು ಬಾಯಿ ತೆರೆದಳು. ಕಸಿನ್ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ವಾರವಿಡೀ ಹೇಳಿ ಹೇಳಿ ನುಣುಪಾದ ಮಾತು, ತಾನಾಗಿಯೇ ಜಾರಿ ಬೀಳುವಂಥದು. ಅವಳು ಗಾಜಿನಾಚೆಯ ಯೂನಿಫಾರ್ಮನ್ನು ನೋಡಿದಳು. ಹೆದರಿಕೆಯಾಯಿತು. ಪಕ್ಕದ ನಗುವನ್ನು ನೋಡಿದಳು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

"ನಾ ಇವರ ಮನ್ಯಾಗ ಕೆಲಸ ಮಾಡಾಕಿ," ಎಂದಳು. ದನಿ ಇರುವೆ ನಡೆದಷ್ಟು. "ತಂಗಿ ಅಲ್ಲ."

ಮಧುಕರನ ನಗು ಮುಖದ ಮೇಲೆ ಹಾಗೇ ಇತ್ತು, ತೆಗೆಯಲು ಮರೆತಂತೆ. ಅವಳು ಗಾಬರಿಯಾಗಿದ್ದಾಳೆ ಕ್ಯಾಪ್ಟನ್, ಸುಮ್ಮನೆ ಕಸಿನ್ ಅನ್ನಿ ಎಂದು ಮೆಲ್ಲಗೆ ಕನ್ನಡದಲ್ಲಿ ಹೇಳಿದ. ಇಜಾಜ್ ಅವನತ್ತ ತಿರುಗಲೇ ಇಲ್ಲ.

"ಹಿಂಗ ಹೇಳ್ಲಿ?" ಎಂದು ದ್ಯಾಮವ್ವನನ್ನು ಕೇಳಿದ. ಅವನ ಕಣ್ಣಲ್ಲೂ ಅವಳದೇ ಹೆದರಿಕೆ. ಅದನ್ನು ಅವನು ಮುಚ್ಚಿಡಲಿಲ್ಲ.

"ಹಿಂಗ ಹೇಳ್ರಿ."

ಅವನು ಇಂಗ್ಲಿಷಿನಲ್ಲಿ ಹೇಳಿದ, ಒಂದು ಮಾತೂ ಸೇರಿಸದೆ, ಒಂದೂ ಬಿಡದೆ. ಆಫೀಸರು ಪೆನ್ನು ಕೆಳಗಿಟ್ಟು, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

ಮೊದಲು ಎಚ್ಚೆತ್ತವಳು ಇಂದು. ಮನೆಯಲ್ಲಿ ಯಾರಾದರೂ ದೊಡ್ಡವರು ಬಂದಾಗ ಅಡುಗೆಮನೆ ಬಾಗಿಲಿಗೆ ಬಂದು ಹೇಳುವ ದನಿಯಲ್ಲಿ, ಪ್ರತಿದಿನ ಎಷ್ಟೋ ಸಲ ಹೇಳುವ ಅದೇ ಮಾತನ್ನು ಹೇಳಿದಳು.

"ದಿಯಾ, ಸಾಕು. ಸಾನ್ವಿನ ಕರ್ಕೊಂಡು ಹೊರಗೆ ಹೋಗು."

ದ್ಯಾಮವ್ವ ಮಗುವಿನ ಕೈಯನ್ನು ಮೆಲ್ಲಗೆ ಬಿಡಿಸಿ, ತಾಯಿಯ ಕೈಗೆ ಕೊಟ್ಟಳು.

"ಇಲ್ರಿ ಅಕ್ಕಾರ," ಎಂದಳು. "ನೀವ ಕರಕೊಂಡು ಹೋಗ್ರಿ. ನಾ ಹೋಗಂಗಿಲ್ಲ."